ಮೂಳೆ ಇಲ್ಲದ ಹಡಗು

ನಮ್ಮಪ್ಪ ಎರಡನೇ ಮಹಾಯುದ್ಧದಿಂದ ಹಿಂದಿರುಗಿ ತೆರಕಣಾಂಬಿಯ ನಮ್ಮ ಮನೆ ಜಗಲಿಯಲ್ಲಿ ಕೂತು ಹೇಳುತ್ತಿದ್ದ ಕತೆಗಳಲ್ಲಿ ಒಂದು ಮಾತ್ರ ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಮಿಕ್ಕವು ಸಲೀಸು. ಇಟಲಿ ಎಂಬ ಸೀಮೆಯ ಚಳಿ, ತಗಡಿನ ಡಬ್ಬಿಯಲ್ಲಿ ಬರುತ್ತಿದ್ದ ಮಾಂಸ, ಕೆಸರಿನಲ್ಲಿ ಹೂತುಹೋದ ಮಿಲಿಟರಿ ಲಾರಿಗೆ ಹೇಸರಗತ್ತೆ ಕಟ್ಟಿ ಎಳೆಸಿದ್ದು, ಇವೆಲ್ಲ ಕಣ್ಣಿಗೆ ಕಟ್ಟುತ್ತಿದ್ದವು. ಅಪ್ಪ ಅಲ್ಲಿ ಲಾರಿ ಡ್ರೈವರಾಗಿದ್ದ. ಊರಿಗೆ ಬಂದಮೇಲೆ ಮತ್ತೆ ರಾಗಿ, ಹುರುಳಿ, ಒಂದಿಷ್ಟು ಅರಿಶಿನ ಬೆಳೆದುಕೊಂಡು ಇದ್ದುಬಿಟ್ಟ. ಸ್ಟೇರಿಂಗು ಹಿಡಿದ ಕೈ ನೇಗಿಲ ಮೇಣಿ ಹಿಡಿದದ್ದಕ್ಕೆ ಅವನಿಗೇನೂ ಬೇಸರವಿರಲಿಲ್ಲ. ಹೇಳಲು ಕತೆಗಳಿದ್ದವು, ಕೇಳಲು ಜಗಲಿ ತುಂಬ ಜನರಿದ್ದರು.

ತಲೆಗೆ ಹತ್ತದ ಕತೆ ಆಕಾಶದ ಚೀಲದ್ದು. ಯಾವುದೋ ಬಂದರಿನ ಮೇಲೆ ದೊಡ್ಡದೊಂದು ಚೀಲ ಹಡಗಿನ ಹಾಗೆ ತೇಲುತ್ತಿತ್ತಂತೆ. ದೊಡ್ಡದೆಂದರೆ ನಮ್ಮ ಬೀದಿಯ ಆ ಕೊನೆಯಿಂದ ಈ ಕೊನೆಯವರೆಗೆ. ಅದರ ಹೊಟ್ಟೆಯ ಕೆಳಗೆ ಒಂದು ಪುಟ್ಟ ಕೋಣೆ, ಕೋಣೆಯ ಎರಡು ಪಕ್ಕ ಎಂಜಿನ್ನು, ಒಳಗೆ ಅಮೆರಿಕದ ಸಿಪಾಯಿಗಳು. ಸಮುದ್ರದಲ್ಲಿ ಶತ್ರುಗಳು ಹುದುಗಿಸಿಟ್ಟ ಸಿಡಿಗುಂಡುಗಳನ್ನು ಅವರು ಮೇಲಿನಿಂದ ನೋಡಿ ನೋಡಿ ಹುಡುಕುತ್ತಿದ್ದರಂತೆ. ವಿಮಾನದ ಹಾಗೆ ಧಾವಂತವಿಲ್ಲ. ಬೇಕಾದ ಕಡೆ ನಿಂತು, ಬೇಡವಾದಾಗ ಮುಂದಕ್ಕೆ ಹೋಗುವುದು. ಇಷ್ಟರವರೆಗೆ ನಾವೂ ಹೂಂಗುಟ್ಟುತ್ತಿದ್ದೆವು. ಅಪ್ಪ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ಒಂದು ದಿನ ಬಿರುಗಾಳಿಗೆ ಸಿಕ್ಕಿ ಅದು ಮೈದಾನದಲ್ಲಿ ಬಿತ್ತು, ಗಾಳಿ ಇಳಿದು ಚಪ್ಪಟೆಯಾಯಿತು, ನಾವೆಲ್ಲ ಸೇರಿ ಮಡಿಸಿ ಲಾರಿಗೆ ಹೇರಿದೆವು, ಒಳಗೆ ಒಂದಾದರೂ ಮೂಳೆ ಇರಲಿಲ್ಲ ಎನ್ನುತ್ತಿದ್ದ. ಜನ ನಗುತ್ತಿದ್ದದ್ದು ಇಲ್ಲಿ. ಬೀದಿಯುದ್ದದ ಹಡಗನ್ನು ಹಾಸಿಗೆಯ ಹಾಗೆ ಮಡಿಸಿದೆ ಎಂದರೆ ಯಾರು ತಾನೇ ನಗುವುದಿಲ್ಲ.

ಅಪ್ಪನೂ ಕತೆಯನ್ನು ನೆಟ್ಟಗೆ ಹೇಳುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಒಂದು ದಿನ ಚೀಲವನ್ನು ಉಕ್ಕಿನ ತಂತಿಯಿಂದ ನೆಲಕ್ಕೆ ಕಟ್ಟಿದ್ದರು ಎನ್ನುತ್ತಿದ್ದ. ಇನ್ನೊಂದು ದಿನ ಅದು ಸಮುದ್ರದ ಮೇಲೆ ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತಿತ್ತು ಎನ್ನುತ್ತಿದ್ದ. ಕಟ್ಟಿದ ಮೇಲೆ ಹೋಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅದು ಬೇರೆ, ಇದು ಬೇರೆ ಎಂದು ಸಿಡುಕುತ್ತಿದ್ದ. ಯಾವುದು ಅದು, ಯಾವುದು ಇದು ಎಂದು ಬಿಡಿಸಿ ಹೇಳುವ ತಾಳ್ಮೆ ಅವನಿಗಿರಲಿಲ್ಲ. ಸಿಡುಕು ನನಗೂ ಬಂದದ್ದು ಅಲ್ಲಿಂದಲೇ. ಹೀಗೆ ಊರಿನಲ್ಲಿ ಅಪ್ಪನಿಗೆ ಬುರುಡೆ ಬಿಡುವವನೆಂಬ ಹೆಸರು ಬಂತು. ಕೆಟ್ಟ ಹೆಸರಲ್ಲ, ತಮಾಷೆಯದು. ನನ್ನ ಮದುವೆಯ ಮಾತು ಬರುವ ತನಕ ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಉಮ್ಮತ್ತೂರಿನ ಕಡೆಯಿಂದ ಗಂಡು ಬಂತು. ಚಾಮರಾಜನಗರದ ಸ್ಕೂಲಿನಲ್ಲಿ ಮೇಷ್ಟ್ರು. ತಂದೆ ಇಲ್ಲ, ಬೆಳೆಸಿದ್ದು ದೊಡ್ಡಪ್ಪ. ಹೆಣ್ಣು ನೋಡಲು ಬಂದ ದಿನ ಮೇಷ್ಟ್ರು ನನ್ನನ್ನು ಹಾಡು ಅನ್ನಲಿಲ್ಲ, ನಡೆದು ತೋರಿಸು ಅನ್ನಲಿಲ್ಲ. ಮಿಡ್ಲ್ ಸ್ಕೂಲಿನವರೆಗೆ ಓದಿದ್ದೀಯಂತಲ್ಲ, ಯಾಕೆ ಬಿಟ್ಟೆ ಎಂದು ಕೇಳಿದರು. ಮುಂದಿನ ಸ್ಕೂಲು ಗುಂಡ್ಲುಪೇಟೆಯಲ್ಲಿತ್ತು, ಬಸ್ಸು ನಂಬುವ ಹಾಗಿರಲಿಲ್ಲ ಎಂದೆ. ಬಸ್ಸಿನ ಮೇಲೆ ಕೋಪ ಬಂದವರ ಹಾಗೆ ಮುಖ ಗಂಟಿಕ್ಕಿಕೊಂಡರು. ನನ್ನ ಪರವಾಗಿ ಒಂದು ಬಸ್ಸಿನ ಮೇಲೆ ಕೋಪಿಸಿಕೊಳ್ಳುವ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಈ ಮದುವೆ ನನಗೆ ಬೇಕು ಎಂದು ಆ ಗಳಿಗೆಯಲ್ಲೇ ಅನಿಸಿತು. ಅವ್ವನ ಹತ್ತಿರ ಹೇಳಲು ನಾಚಿಕೆಯಾಗಿ, ಪಾತ್ರೆಗಳನ್ನು ಮಾತ್ರ ಎಂದಿಗಿಂತ ಚೆನ್ನಾಗಿ ಬೆಳಗಿದೆ.

ದೊಡ್ಡಪ್ಪನವರು ಗುಂಡ್ಲುಪೇಟೆ ಸಂತೆಗೆ ಹೋದಾಗ ಅಲ್ಲಿಯ ಮಲೆಯಾಳಿಯ ಟೀ ಅಂಗಡಿಯಲ್ಲಿ ನಮ್ಮ ಮನೆಯ ಬಗ್ಗೆ ವಿಚಾರಿಸಿದರಂತೆ. ಒಳ್ಳೆಯ ಜನ, ಸಾಲಸೋಲ ಇಲ್ಲ, ಆದರೆ ಹೆಣ್ಣಿನ ಅಪ್ಪ ಮಾತ್ರ ಆಕಾಶದಲ್ಲಿ ಚೀಲ ಹಾರಿಸುವ ಮನುಷ್ಯ ಎಂದು ಯಾರೋ ಪುಣ್ಯಾತ್ಮ ನಗೆಯಾಡಿದ. ದೊಡ್ಡಪ್ಪನವರಿಗೆ ನಗು ಬರಲಿಲ್ಲ. ಅವರ ಮನೆಯಲ್ಲಿ ಹಿಂದೆ ಯಾವುದೋ ಸಂಬಂಧ ಸುಳ್ಳು ಮಾತಿನಿಂದ ಕೆಟ್ಟುಹೋಗಿ, ಅವರ ತಂಗಿ ತವರಿಗೆ ವಾಪಸು ಬಂದು ಕೂತಿದ್ದರು. ಸುಳ್ಳು ಎಂಬ ಶಬ್ದ ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. ನೆಟ್ಟಗೆ ನಮ್ಮ ಮನೆಗೆ ಬಂದರು. ಜೊತೆಯಲ್ಲಿ ಮೇಷ್ಟ್ರೂ ಇದ್ದರು.

ಅಪ್ಪನನ್ನು ಕೂರಿಸಿಕೊಂಡು, ಆ ಕತೆ ನಮಗೂ ಒಂದು ಸಾರಿ ಹೇಳಿ ಎಂದರು. ಅಪ್ಪ ಹಿಗ್ಗಿಹೋದ. ಕೇಳಲು ಬಂದವರೆಂದೇ ತಿಳಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ, ನಿಲ್ಲಿಸಪ್ಪಾ ಎಂದು ಕೂಗಬೇಕೆನಿಸಿತು. ಆ ದಿನವೇ ಅವನು ಎಂದಿಗಿಂತ ಹೆಚ್ಚಾಗಿ ಗೋಜಲು ಮಾಡಿದ. ತಂತಿ ಕಟ್ಟಿದ್ದೂ ಬಂತು, ಬಿಟ್ಟದ್ದೂ ಬಂತು, ಮಡಿಸಿದ್ದೂ ಬಂತು. ದೊಡ್ಡಪ್ಪನವರು ಮೇಷ್ಟ್ರ ಕಡೆ ತಿರುಗಿ, ನೀನು ಓದಿದವನು, ಇಂಥದ್ದು ಉಂಟೇನಪ್ಪ ಎಂದರು.

ಮೇಷ್ಟ್ರು ಪಾಪ, ಸಹಾಯ ಮಾಡಲೆಂದೇ ಬಾಯಿಬಿಟ್ಟದ್ದು. ಉಂಟು ದೊಡ್ಡಪ್ಪ, ವಾಯುನೌಕೆ ಅಂತಾರೆ, ಗಾಳಿಗಿಂತ ಹಗುರವಾದ ಅನಿಲ ತುಂಬಿಸಿ ಹಾರಿಸ್ತಾರೆ ಎಂದರು. ಅಪ್ಪ ನನ್ನ ಕಡೆ, ಅವ್ವನ ಕಡೆ, ಬೀದಿಯ ಕಡೆ, ನೋಡಿದಿರಾ ಅನ್ನುವ ಹಾಗೆ ನೋಡಿದ. ಮೇಷ್ಟ್ರು ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಪಾಠ ಮಾಡುವವರಿಗೆ ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ಅದರೊಳಗೆ ಅಲ್ಯೂಮಿನಿಯಂ ಹಂದರ ಇರುತ್ತದೆ, ಮನೆಗೆ ತೊಲೆ ಜಂತೆ ಇದ್ದ ಹಾಗೆ, ಆ ಹಂದರದ ಮೇಲೆ ಬಟ್ಟೆ ಹೊದಿಸಿರುತ್ತಾರೆ, ಅದಿಲ್ಲದೆ ಅಷ್ಟು ದೊಡ್ಡದು ನಿಲ್ಲುವುದಿಲ್ಲ ಎಂದು ಮುಗಿಸಿದರು.

"ಮೂಳೆ ಇರ್ನಿಲ್ಲ ಕಣಪ್ಪ," ಎಂದ ಅಪ್ಪ. "ಈ ಕೈಯಲ್ಲೇ ಮಡ್ಸಿ ಲಾರಿಗೆ ಆಕಿವ್ನಿ."

ದೊಡ್ಡಪ್ಪನವರ ಮುಖ ಕಪ್ಪಿಟ್ಟಿತು. ಓದಿದ ಹುಡುಗ ಇದೆ ಅನ್ನುತ್ತಾನೆ, ಕಂಡವನು ಇಲ್ಲ ಅನ್ನುತ್ತಾನೆ, ಹಾಗಾದರೆ ಕಂಡದ್ದೇನು ಎಂದು ಅವರಿಗೆ ಅನಿಸಿದ್ದು ತಪ್ಪೂ ಅಲ್ಲ. ನನಗೂ ಹಾಗೇ ಅನಿಸಿತು. ಅವರು ಎದ್ದು ನಿಂತು, ಜೋರು ಮಾಡದೆ, ಗೋಪಾಲಸ್ವಾಮಿ ನಮ್ಮ ಮನೆದೇವರು, ಬೆಟ್ಟಕ್ಕೆ ಹೋಗೋಣ, ಅಲ್ಲಿ ಕರ್ಪೂರದ ಮುಂದೆ ಹೇಳಲಿ ಎಂದರು. ಹೇಳಿದರೆ ಅಲ್ಲೇ ವೀಳ್ಯ ಬದಲಾಯಿಸಿ ಮದುವೆ ನಿಶ್ಚಯಿಸೋಣ, ಹೇಳದಿದ್ದರೆ ಯೋಚನೆ ಮಾಡಬೇಕಾಗುತ್ತದೆ.

"ಬಡತನಕ್ಕೆ ನನ್ಗೆ ಬೇಜಾರಿಲ್ಲ ಕಣವ್ವ," ಎಂದರು ಹೋಗುವಾಗ ಅವ್ವನಿಗೆ. "ಮಾತು ನೆಟ್ಗಿರ್ಬೇಕು, ಅಷ್ಟೆಯ."

ನಮ್ಮ ಕಡೆ ಹೀಗೆ ಆಣೆ ಮಾಡಿಸುವುದಕ್ಕೆ ಒಂದು ಕ್ರಮವಿತ್ತು. ದೇವರೆದುರು ಕರ್ಪೂರ ಹಚ್ಚುತ್ತಾರೆ. ಮಾತು ನಿಜವಾದರೆ ಆಡಿದವನು ಅದನ್ನು ಬಾಯಿಬಿಟ್ಟು ಹೇಳಿ ಅಂಗೈಯಿಂದ ಕರ್ಪೂರ ಆರಿಸಬೇಕು. ಸುಳ್ಳಾದರೆ ಸುಮ್ಮನೆ ನಿಂತರಾಯಿತು. ಕರ್ಪೂರ ತಾನಾಗಿ ಉರಿದು ಮುಗಿದರೆ ಸುಳ್ಳನ್ನು ದೇವರ ಮುಂದೆ ಒಪ್ಪಿಕೊಂಡಂತೆ. ಅದಾದ ಮೇಲೆ ಆ ವಿಷಯವನ್ನು ಯಾರೂ ಮತ್ತೆ ಎತ್ತುವ ಹಾಗಿಲ್ಲ, ಹಂಗಿಸುವವರೂ ಇಲ್ಲ, ಸಮರ್ಥಿಸುವವರೂ ಇಲ್ಲ. ಎಷ್ಟೋ ಜಗಳಗಳು ಹಾಗೆ ಮುಗಿದದ್ದನ್ನು ನಾನು ಕಂಡಿದ್ದೆ. ಒಂದು ಚೀಲಕ್ಕೋಸ್ಕರ ಬೆಟ್ಟ ಹತ್ತಿದವರನ್ನು ಮಾತ್ರ ಕಂಡಿರಲಿಲ್ಲ.

ಅದು ಅರಿಶಿನ ಬೇಯಿಸುವ ಕಾಲ. ಮಾರನೆಯ ದಿನ ಹಿತ್ತಲಲ್ಲಿ ಕೊಪ್ಪರಿಗೆಯ ಕೆಳಗೆ ಸೌದೆ ತಳ್ಳುತ್ತಾ ನಾನು ಅಪ್ಪನನ್ನು ಕೇಳಿಯೇಬಿಟ್ಟೆ, ಸರಿಯಾಗಿ ಹೇಳು, ನೀನು ಕಂಡದ್ದೇನು ಎಂದು. ಅಪ್ಪ ಪಕ್ಕದಲ್ಲಿದ್ದ ಬಿದಿರಿನ ಕುಕ್ಕೆಯನ್ನು ಎತ್ತಿ ಅದರ ಮೇಲೆ ಒದ್ದೆ ಟವೆಲು ಹೊದಿಸಿದ. ಮೇಷ್ಟ್ರು ಹೇಳೋದು ಇದು ಎಂದ. ಟವೆಲು ತೆಗೆದರೂ ಕುಕ್ಕೆ ಕುಕ್ಕೆಯಾಗಿಯೇ ಕೂತಿತ್ತು. ಆಮೇಲೆ ಒಂದು ಖಾಲಿ ಗೋಣಿಚೀಲದ ಬಾಯಿಯನ್ನು ಗಾಳಿಗೆ ಒಡ್ಡಿ ಹಿಡಿದ. ಚೀಲ ಒಂದು ಗಳಿಗೆ ಉಬ್ಬಿತು. ಗಾಳಿ ನಿಂತಿತು, ಚೀಲ ಜೋತುಬಿತ್ತು. ನಾನು ಕಂಡದ್ದು ಇದು ಎಂದ. ಹಾಗಾದರೆ ತಂತಿ ಕಟ್ಟಿದ್ದು ಯಾವುದು ಎಂದೆ. ಅದು ಇನ್ನೊಂದು, ಬಂದರಿನ ಮೇಲೆ ಸುಮ್ಮನೆ ನಿಲ್ಲಿಸಿರ್ತಿದ್ದರು, ಶತ್ರು ವಿಮಾನ ಕೆಳಗೆ ಇಳಿದರೆ ತಂತಿಗೆ ತಗುಲಿ ಸಾಯಲಿ ಅಂತ, ಅದರಲ್ಲಿ ಜನ ಇಲ್ಲ, ಎಂಜಿನ್ನಿಲ್ಲ ಎಂದ. ಆಗ ಅರ್ಥವಾದ ಹಾಗೆ ಆಯಿತು. ಸೌದೆಯ ಹೊಗೆ ಕಣ್ಣಿಗೆ ಹೊಡೆದು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಕಲಸಿಹೋಯಿತು. ಗಾಳಿಯೊಂದೇ ಅಷ್ಟು ದೊಡ್ಡದನ್ನು ಬಿಗಿಯಾಗಿ ಹಿಡಿದಿಡುವುದಾದರೆ, ಎಂಜಿನ್ನು ಮುಂದಕ್ಕೆ ತಳ್ಳಿದಾಗ ಅದರ ಮೂತಿ ಯಾಕೆ ಒಳಕ್ಕೆ ತಗ್ಗುವುದಿಲ್ಲ ಎಂದು ಕೇಳಿದೆ. ಅಪ್ಪ ಗೋಣಿಚೀಲವನ್ನು ಮಡಿಸಿಡುತ್ತಾ, ನನಗೇನು ಗೊತ್ತು, ತಗ್ಗುತ್ತಿರಲಿಲ್ಲ ಅಷ್ಟೆ ಎಂದ.

ಅವ್ವನಿಗೆ ಇದೆಲ್ಲ ಬೇಕಿರಲಿಲ್ಲ. ಮೂಳೆಯಾದರೂ ಇರಲಿ, ಮಾಂಸವಾದರೂ ಇರಲಿ, ಮಗಳ ಮದುವೆ ನಿಲ್ಲದಿದ್ದರೆ ಸಾಕು. "ಅವ್ರು ಏನ್ ಅಂತಾರೋ ಅದ್ನೇ ಕಂಡಿವ್ನಿ ಅಂದ್ಬುಡು," ಎಂದಳು ಅಪ್ಪನಿಗೆ. ಅಪ್ಪ ಕೊಪ್ಪರಿಗೆಯ ಅರಿಶಿನವನ್ನು ಕಡ್ಡಿಯಿಂದ ಚುಚ್ಚಿ ಬೆಂದಿದೆಯೇ ಎಂದು ನೋಡುತ್ತಾ ಕೂತ.

ಬೆಟ್ಟಕ್ಕೆ ಹೋದ ದಿನ ಹಂಗಳದವರೆಗೆ ಬಸ್ಸು, ಅಲ್ಲಿಂದ ಗಾಡಿ, ಬುಡದಿಂದ ನಡಿಗೆ. ಆನೆಗಳ ಕಾಟವಿದ್ದದ್ದರಿಂದ ಎರಡೂ ಕಡೆಯವರು ಗುಂಪಾಗಿ, ಗಂಡಸರು ಮುಂದೆ ಗಟ್ಟಿಯಾಗಿ ಮಾತಾಡುತ್ತಾ ಹತ್ತಿದೆವು. ಅವ್ವ ನನ್ನನ್ನೂ ಕರೆದುಕೊಂಡು ಬಂದಿದ್ದಳು. ದೇವರ ಹತ್ತಿರ ಹೋಗುವಾಗ ಹೆಣ್ಣೂ ಒಂದು ಕಾಯಿ ಒಡೆಸಲಿ ಎಂಬುದು ನೆಪ. ಮೇಷ್ಟ್ರು ಬಗಲಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡಿದ್ದರು. ಸ್ಕೂಲಿನ ಬೀರುವಿನಿಂದ ಹೆಡ್‌ಮಾಸ್ತರರನ್ನು ಕೇಳಿ ತಂದದ್ದಂತೆ. ದಾರಿಯಲ್ಲಿ ನನಗೆ ಮಾತ್ರ ಕೇಳುವ ಹಾಗೆ, ಇದರಲ್ಲಿ ಚಿತ್ರ ಇದೆ, ಮಾವನವರು ನೋಡಿ ಹೌದು ಅಂದರೆ ಕೆಲಸ ಆಯಿತು, ಚಿತ್ರದ ಮುಂದೆ ದೊಡ್ಡಪ್ಪನೂ ಏನೂ ಅನ್ನುವ ಹಾಗಿಲ್ಲ ಎಂದರು. ಆಗಲೇ ಮಾವನವರು ಅಂದದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಬೆಟ್ಟದ ಕಲ್ಲುಗಳು ಕಾಲಿಗೆ ಗೊತ್ತಾಗಲಿಲ್ಲ.

ಮೇಲೆ ಮಂಜು. ಗೋಪುರವೂ ಅರ್ಧ ಮಾತ್ರ ಕಾಣುತ್ತಿತ್ತು. ಪೂಜೆ ಮುಗಿಸಿ ಹೊರಗೆ ಬಂದು, ಗೋಡೆಯ ಮರೆಯಲ್ಲಿ ದೊಡ್ಡಪ್ಪನವರು ವೀಳ್ಯದೆಲೆಯ ಮೇಲೆ ಕರ್ಪೂರ ಇಟ್ಟರು. ಗಾಳಿಗೆ ಬೆಂಕಿಕಡ್ಡಿ ನಿಲ್ಲಲೊಲ್ಲದು. ಕಡೆಗೆ ಗಂಡಸರೆಲ್ಲ ಸುತ್ತ ನಿಂತು ಪಂಚೆ, ಟವೆಲು ಅಡ್ಡ ಹಿಡಿದಮೇಲೆ ಹತ್ತಿಕೊಂಡಿತು. ಮೇಷ್ಟ್ರು ಪುಸ್ತಕ ಬಿಡಿಸಿ ಅಪ್ಪನ ಮುಂದೆ ಹಿಡಿದರು.

ನಾನೂ ಅವ್ವನ ಹೆಗಲ ಮೇಲಿಂದ ನೋಡಿದೆ. ಒಂದು ಪುಟದಲ್ಲಿ ಆಕಾಶದಲ್ಲಿ ಸೋರೆಕಾಯಿಯಂಥ ದೊಡ್ಡ ಹಡಗು. ಅಪ್ಪನ ಮುಖ ಅರಳಿತು. ಎದುರಿನ ಪುಟದಲ್ಲಿ ಅದೇ ಹಡಗನ್ನು ಕಟ್ಟುತ್ತಿರುವ ಚಿತ್ರ. ಬಟ್ಟೆ ಹೊದಿಸುವುದಕ್ಕೆ ಮುಂಚಿನದು. ಬಳೆ ಬಳೆಯಾಗಿ ಲೋಹದ ಪಕ್ಕೆಲುಬುಗಳು, ಅವುಗಳ ನಡುವೆ ಇರುವೆಗಳಂತೆ ಕೆಲಸಗಾರರು. ಅಪ್ಪ ಆ ಪುಟವನ್ನು ನೋಡುತ್ತಾ ನೋಡುತ್ತಾ ಮುಖವನ್ನು ಮುಚ್ಚಿಕೊಂಡವನ ಹಾಗೆ ಆಗಿಬಿಟ್ಟ.

"ಇದ್ನ ಕಂಡಿವ್ನಿ ಅಂತ ಏಳಿ, ಆರ್ಸಿ," ಎಂದರು ದೊಡ್ಡಪ್ಪ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಅವರಿಗೂ ಈ ಸಂಬಂಧ ಬೇಕಿತ್ತು ಎಂದು ನನಗೆ ಆಗ ಗೊತ್ತಾಯಿತು.

ಅಪ್ಪ, "ಇದಲ್ಲ," ಎಂದ.

ಅವ್ವ ನನ್ನ ಕೈಯನ್ನು ಹಿಸುಕಿದಳು. ಮೇಷ್ಟ್ರು ಗಾಬರಿಯಾಗಿ, ಇನ್ನೊಂದು ಸಲ ನೋಡಿ, ಜನ ಕೂತು ಹೋಗುವಂಥದ್ದು ಇದೊಂದೇ, ಇದು ಬಿಟ್ಟರೆ ಕಟ್ಟಿಹಾಕುವ ಬಲೂನು, ಬೇರೆ ಇಲ್ಲ ಎಂದರು. ಅಪ್ಪ ಮತ್ತೆ ಪುಸ್ತಕ ನೋಡಿದ, ಮೇಷ್ಟ್ರನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. ಏನೋ ಹೇಳಲು ಬಾಯಿ ತೆರೆದ. ನಾನು ಗೋಪಾಲಸ್ವಾಮಿಯನ್ನು ಬೇಡಿಕೊಂಡೆ, ಏನಾದರೂ ಹೇಳಲಿ, ಹೌದೋ ಅಲ್ಲವೋ, ಒಂದು ಹೇಳಲಿ ಎಂದು. ಅಪ್ಪ ಬಾಯಿ ಮುಚ್ಚಿಕೊಂಡ. ಎಲ್ಲರ ಕಣ್ಣೆದುರಿಗೆ ಕರ್ಪೂರ ಉರಿಯುತ್ತಾ ಸಣ್ಣಗಾಗಿ, ಎಲೆಯನ್ನು ಕಪ್ಪು ಮಾಡಿ, ತಾನೇ ಆರಿತು.

ಮದುವೆ ಮುರಿಯಿತು ಎಂದುಕೊಂಡೆ. ಅಪ್ಪನ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಇಷ್ಟು ವರ್ಷ ಜಗಲಿಯಲ್ಲಿ ಯಾರು ಕೇಳಿದರೂ ಕೇಳದಿದ್ದರೂ ಕಂಡೆ ಕಂಡೆ ಎಂದು ಬಡಿದುಕೊಂಡವನಿಗೆ ಬೇಕಾದ ಹೊತ್ತಿಗೆ ಬಾಯಿ ಹೊಲಿದುಹೋಗಬೇಕೇ. ಆದರೆ ದೊಡ್ಡಪ್ಪನವರು ಮುಂದೆ ಬಂದು ಅಪ್ಪನ ಎರಡು ಕೈಯನ್ನೂ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು.

"ತಪ್ಪಾಯ್ತು ಅಂತ ಬಾಯಲ್ಲಿ ಏಳ್ಬೇಕಾಗಿಲ್ಲ ಬೀಗ್ರೆ," ಎಂದರು. "ಮಗ್ಳ ಮದ್ವೆ ಇದ್ದಾಗ್ಲೂ ದೇವ್ರ ಮುಂದೆ ಸುಳ್ಳು ಏಳ್ನಿಲ್ವಲ್ಲ, ಅಷ್ಟು ಸಾಕು ನನ್ಗೆ. ಇಂಥ ಮನೆ ಎಣ್ಮಗ್ಳೇ ಬೇಕು."

ಅಲ್ಲೇ ವೀಳ್ಯ ಬದಲಾಯಿತು. ಅವ್ವ ಅಳುತ್ತಾ ನಗುತ್ತಿದ್ದಳು. ಮೇಷ್ಟ್ರು ಪುಸ್ತಕವನ್ನು ಎಲ್ಲಿಡಬೇಕೆಂದು ತಿಳಿಯದೆ ಬಗಲಿನಿಂದ ಬಗಲಿಗೆ ಬದಲಾಯಿಸುತ್ತಿದ್ದರು. ಬೇಕೆಂದದ್ದು ಸಿಕ್ಕಿದ ಸಂತೋಷದಲ್ಲಿ ನಾನಿದ್ದೆ, ಸುಳ್ಳನ ಮಗಳು ಎಂದು ದೇವರೆದುರಿಗೇ ತೀರ್ಮಾನವಾದ ಅವಮಾನದಲ್ಲೂ ಇದ್ದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಅಪ್ಪ ಎಲ್ಲರಿಗೂ ಕೈ ಮುಗಿಯುತ್ತಿದ್ದ. ಇಳಿಯುವಾಗ ಅವನು ಗುಂಪಿನ ಹಿಂದೆ ಉಳಿದಿದ್ದ, ಆನೆ ಬಂದಾವು ಬೇಗ ಬನ್ನಿ ಎಂದು ಯಾರೋ ಕೂಗಿ ಕರೆಯಬೇಕಾಯಿತು.

ಮದುವೆ ನಡೆಯಿತು, ನಾನು ಚಾಮರಾಜನಗರಕ್ಕೆ ಬಂದೆ. ತೆರಕಣಾಂಬಿಯಿಂದ ಬಂದವರು ಹೇಳುತ್ತಿದ್ದರು, ನಿಮ್ಮಪ್ಪ ಈಗ ಜಗಲಿಯಲ್ಲಿ ಕತೆ ಹೇಳುವುದಿಲ್ಲ, ಇಟಲಿಯ ಚಳಿಯೂ ಇಲ್ಲ, ಡಬ್ಬಿ ಮಾಂಸವೂ ಇಲ್ಲ, ಕೇಳಿದರೆ ಅದೆಲ್ಲ ಯಾರಿಗೆ ನೆನಪಿದೆ ಅನ್ನುತ್ತಾನೆ ಎಂದು. ಅವನು ಬಿಟ್ಟದ್ದು ಚೀಲವೊಂದನ್ನೇ ಅಲ್ಲ, ಯುದ್ಧವನ್ನೇ.

ನನ್ನೊಳಗೆ ಇದು ಇತ್ಯರ್ಥವಾಗಲಿಲ್ಲ. ಒಲೆ ಮುಂದೆ ಕೂತರೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ಅಪ್ಪ ಸುಳ್ಳನಾಗಿದ್ದರೆ ಚಿತ್ರ ನೋಡಿದ ಕೂಡಲೇ ಹೌದು ಎಂದು ಮುಗಿಸುತ್ತಿದ್ದ. ಸುಳ್ಳನಲ್ಲದಿದ್ದರೆ, ಕಂಡದ್ದು ಬೇರೆಯದು ಎಂದು ಗಟ್ಟಿಯಾಗಿ ಹೇಳಿ ಕರ್ಪೂರ ಆರಿಸುತ್ತಿದ್ದ. ಎರಡೂ ಮಾಡಲಿಲ್ಲ. ಕಡೆಗೆ ನಾನೇ ಒಂದು ಉತ್ತರ ಕಟ್ಟಿಕೊಂಡೆ. ಗಟ್ಟಿಯಾಗಿ ಹೇಳಿದರೆ ಸಂಬಂಧ ಕೆಡುತ್ತದೆಂದು, ನನಗೋಸ್ಕರ, ತನ್ನ ಮಾತನ್ನು ನುಂಗಿಕೊಂಡ. ಆ ಉತ್ತರ ನನಗೆ ಹಿತವಾಗಿತ್ತು. ಕೆಲವು ದಿನ ಅದನ್ನು ನಂಬುತ್ತಿದ್ದೆ, ಕೆಲವು ದಿನ ಇಲ್ಲ. ಮೇಷ್ಟ್ರನ್ನು ಕೇಳಿದರೆ ಅವರೂ ನಿಟ್ಟುಸಿರು ಬಿಟ್ಟು, ಹಂದರ ಮುರಿದುಹೋದ ಹಡಗನ್ನೇನಾದರೂ ಕಂಡಿದ್ದರೋ ಏನೋ ಎನ್ನುತ್ತಿದ್ದರು. ಸಹಾಯ ಮಾಡಲು ಹೋಗಿ ಮಾವನ ಬಾಯಿ ಮುಚ್ಚಿಸಿದೆನೆಂಬ ಕೊರಗು ಅವರಿಗೂ ಇತ್ತು.

ಆಮೇಲೆ ಸರ್ಕಾರ ಅವರನ್ನು ಟ್ರೇನಿಂಗಿಗೆ ಮೈಸೂರಿಗೆ ಕಳಿಸಿತು. ನಾನು ಬಾಣಂತನಕ್ಕೆ ತವರಿಗೆ ಬಂದೆ. ಮಗು ಹುಟ್ಟಿ ಕೆಲವು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಮೇಷ್ಟ್ರು ಹೇಳದೆ ಕೇಳದೆ ಬಂದರು. ಸಾಂಬ್ರಾಣಿ ಹೊಗೆಯಲ್ಲಿ, ಕಿವಿಗೆ ಬಟ್ಟೆ ಬಿಗಿದುಕೊಂಡು ನಾನು ಕೂತಿದ್ದೆ. ಮಗುವನ್ನು ಎತ್ತಿಕೊಳ್ಳುವುದು ಬಿಟ್ಟು ಅವರು, ಮಾವನವರು ಎಲ್ಲಿ ಎಂದರು. ಹೊಲದಿಂದ ಅಪ್ಪನನ್ನು ಕರೆಸಿದೆವು. ಏನು ಅನಾಹುತವಾಯಿತೋ ಎಂದು ಅಪ್ಪ ಕಾಲಿನ ಮಣ್ಣನ್ನೂ ತೊಳೆಯದೆ ಬಂದ.

ಮೇಷ್ಟ್ರು ಬಾಗಿಲು ಹಾಕಿಸಿ, ಜೇಬಿನಿಂದ ಸೀಮೆಸುಣ್ಣ ತೆಗೆದು, ಸಾರಿಸಿದ ನೆಲದ ಮೇಲೆ ಮೂರು ಚಿತ್ರ ಬರೆದರು. ಮೂರೂ ಹೊರಗಿನಿಂದ ನೋಡಲು ಒಂದೇ, ಸೋರೆಕಾಯಿಯ ಆಕಾರ. ಮೊದಲನೆಯದರ ಒಳಗೆ ಪಕ್ಕೆಲುಬುಗಳನ್ನು ಎಳೆದರು. ಇದಕ್ಕೆ ಮೈಯೆಲ್ಲ ಮೂಳೆ, ಒಳಗೆ ಅನಿಲದ ಬೇರೆ ಬೇರೆ ಚೀಲಗಳು, ಅವೆಲ್ಲ ಖಾಲಿಯಾದರೂ ಆಕಾರ ಕೆಡುವುದಿಲ್ಲ, ನಾನು ಬೆಟ್ಟದಲ್ಲಿ ತೋರಿಸಿದ್ದು ಇದು ಎಂದರು. ಎರಡನೆಯದಕ್ಕೆ ಅಡಿಯಲ್ಲಿ ಉದ್ದಕ್ಕೆ ಒಂದೇ ಗೀಟು. ಇದಕ್ಕೆ ಬೆನ್ನುಮೂಳೆ ಮಾತ್ರ. ಮೂರನೆಯದರ ಒಳಗೆ ಗೀಟನ್ನೇ ಎಳೆಯಲಿಲ್ಲ.

ಇದಕ್ಕೆ ಬ್ಲಿಂಪ್ ಅಂತಾರೆ ಮಾವ ಎಂದರು. ಟ್ರೇನಿಂಗಿನಲ್ಲಿ ವಿಜ್ಞಾನ ಹೇಳುವವರನ್ನು ತಾವಾಗಿ ಕೇಳಿದ್ದರಂತೆ, ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರಂತೆ. ಇದಕ್ಕೆ ಮೂಳೆಯೇ ಇಲ್ಲ, ಒಳಗೆ ತುಂಬಿದ ಅನಿಲದ ಒತ್ತಡವೇ ಇದನ್ನು ಬಿಗಿಯಾಗಿ ನಿಲ್ಲಿಸುವುದು, ಇಳಿಸಿದರೆ ಬಟ್ಟೆಯ ಹಾಗೆ ಮಡಿಸಬಹುದು. ಮೂಳೆಯ ಹಡಗುಗಳು ಉರಿದು ಬಿದ್ದು ಜನ ಸತ್ತಮೇಲೆ ಅವನ್ನು ಕೈಬಿಟ್ಟರು, ಇದು ಉಳಿಯಿತು, ಅಮೆರಿಕದವರು ಇದಕ್ಕೆ ಬೆಂಕಿ ಹತ್ತದ ಅನಿಲ ತುಂಬಿಸುತ್ತಾರೆ, ಯುದ್ಧದಲ್ಲಿ ಇಟಲಿಯ ಕಡೆಯೂ ಇದ್ದವಂತೆ. ಅವ್ವನಿಗೆ ಏನೂ ಅರ್ಥವಾಗದೆ ಎಲ್ಲರ ಮುಖವನ್ನೂ ನೋಡುತ್ತಿದ್ದಳು.

ಅಪ್ಪ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಮೂರನೆಯ ಚಿತ್ರದ ಮೂತಿಯ ಹತ್ತಿರ ಬೆರಳಿಟ್ಟು, ಎಂಜಿನ್ನು ತಳ್ಳಿದಾಗ ಇದು ಯಾಕೆ ತಗ್ಗುವುದಿಲ್ಲ ಎಂದು ಕೇಳಿದ. ಮೂತಿಗೆ ಮಾತ್ರ ಹೊರಗಿನಿಂದ ಕೆಲವು ಪಟ್ಟಿ ಬಿಗಿದಿರುತ್ತಾರೆ, ಒಳಗೆ ಇನ್ನೆರಡು ಚಿಕ್ಕ ಗಾಳಿಚೀಲ ಇರುತ್ತವೆ, ಅನಿಲ ಕುಗ್ಗಿದರೆ ಅವನ್ನು ಉಬ್ಬಿಸಿ ದೊಡ್ಡದನ್ನು ಬಿಗಿಯಾಗಿ ಇಡುತ್ತಾರೆ ಎಂದರು ಮೇಷ್ಟ್ರು. ಅಪ್ಪ ತಲೆಯಾಡಿಸಿದ. ಇನ್ನೊಂದು ಸಲ ಮೊದಲಿಂದ ಹೇಳಿಸಿಕೊಂಡ. ಮೇಷ್ಟ್ರು ಹೇಳಿದರು.

ನಾನು ತಡೆಯಲಾರದೆ ಹೋದೆ. ನಾಳೆಯೇ ಉಮ್ಮತ್ತೂರಿಗೆ ಹೋಗಿ ದೊಡ್ಡಪ್ಪನವರಿಗೆ ಹೇಳಬೇಕು, ಗುಂಡ್ಲುಪೇಟೆಯ ಟೀ ಅಂಗಡಿಯಲ್ಲೂ ಹೇಳಬೇಕು, ನಮ್ಮ ಜಗಲಿಯಲ್ಲಿ ನಕ್ಕವರನ್ನೆಲ್ಲ ಕರೆಸಿ ಹೇಳಬೇಕು ಎಂದು ಬಾಣಂತಿ ಎನ್ನುವುದನ್ನೂ ಮರೆತು ಕೂಗಾಡಿದೆ. ಮಗು ಎದ್ದು ಅಳತೊಡಗಿತು. ಅಪ್ಪ ಬೇಡ ಎಂದು ಕೈಯಾಡಿಸಿದ.

"ಕರ್ಪೂರದ ಮುಂದೆ ಸುಮ್ಕೆ ನಿಂತು ಸುಳ್ಳು ಅಂತ ಒಪ್ಕಂಡಾಗದೆ," ಎಂದ. "ಈಗ ಓಗಿ ನಿಜ ಅಂದ್ರೆ, ಅವತ್ತು ದೇವ್ರ ಮುಂದೆ ನಿಂತಿದ್ದೇ ಸುಳ್ಳಾಯ್ತದೆ. ದೊಡ್ಡೋರು ಅದ್ನ ನಂಬಿ ನಿನ್ನ ಮನೆ ತುಂಬಿಸ್ಕಂಡವ್ರೆ. ಬುಟ್ಬುಡು."

ಹಾಗಾದರೆ ಅವತ್ತು ಯಾಕೆ ಸುಮ್ಮನಾದೆ, ಕಂಡೆ ಆದರೆ ಇದಲ್ಲ ಎಂದು ಇನ್ನೊಂದು ಮಾತು ಸೇರಿಸಲು ಏನಾಗಿತ್ತು, ನನಗೋಸ್ಕರವೇ ತಾನೇ ಎಂದೆ. ಹೌದು ಅನ್ನುತ್ತಾನೆಂದು ಕಾದೆ. ಅಪ್ಪ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ ಕಣಮ್ಮಿ. ಓದ್ದೋರು, ದೊಡ್ಡೋರು ಎಲ್ಲಾ ಇಲ್ಲ ಇಲ್ಲ ಅಂದ್ರು. ಪುಸ್ತಕ್ದಲ್ಲೂ ಇರ್ನಿಲ್ಲ. ನನ್ಗೇ ನಾನ್ ಕಂಡಿಲ್ವೇನೋ ಅನ್ನಿಸ್ಬುಡ್ತು. ಇವತ್ತಿನ್ಗಂಟ ನಾನೇ ನಂಬಿರ್ನಿಲ್ಲ."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನಿಗಾಗಿ ಅತ್ತೆನೋ, ನನ್ನ ಹಿತವಾದ ಉತ್ತರ ಹೋದದ್ದಕ್ಕೆ ಅತ್ತೆನೋ, ಇಂದಿಗೂ ಬಿಡಿಸಿ ಹೇಳಲಾರೆ. ಹೊರಗೆ ಯಾರೋ ಬಂದು ಬಾಗಿಲು ತಟ್ಟಿ, ಅಳಿಯಂದಿರು ಬಂದರಂತಲ್ಲ ಎಂದು ಕೂಗಿದರು. ಮೇಷ್ಟ್ರು ಅಪ್ಪನ ಮುಖ ನೋಡಿದರು. ಅಪ್ಪ ಹೆಗಲ ಮೇಲಿನ ಟವೆಲು ತೆಗೆದು, ಒಂದು ಮೂಲೆಯನ್ನು ಚೊಂಬಿನ ನೀರಿನಲ್ಲಿ ಅದ್ದಿ, ಮೂಳೆ ಇದ್ದದ್ದನ್ನು ಒರೆಸಿದ, ಬೆನ್ನುಮೂಳೆಯದನ್ನು ಒರೆಸಿದ. ಮೂರನೆಯದರ ಮುಂದೆ ಸ್ವಲ್ಪ ಹೊತ್ತು ಕೂತಿದ್ದ. ಬಾಗಿಲನ್ನು ಮತ್ತೆ ತಟ್ಟಿದರು. ಅದನ್ನೂ ತಾನೇ ಒರೆಸಿ, ಎದ್ದುಹೋಗಿ ಬಾಗಿಲು ತೆಗೆದ.